ವಿಮಾನದ ಕಾಕಾ

ಇಳಕಲ್ಲಿನ ನಮ್ಮ ಓಣಿಯ ಮೇಲೆ ಎಂದಾದರೊಮ್ಮೆ ವಿಮಾನ ಹಾದುಹೋದರೆ ಹುಡುಗರೆಲ್ಲ ಕಾಕಾನ ಮನೆಗೆ ಓಡುತ್ತಿದ್ದರು. ‘ಕಾಕಾ, ಅದು ನಿಮ್ಮದೇನ್ರೀ?’ ಕಾಕಾ ಕಟ್ಟೆಯಿಂದೆದ್ದು, ಹಣೆಗೆ ಕೈ ಅಡ್ಡ ಹಿಡಿದು ನೋಡಿ, ‘ಎಂಜಿನ್ ಎರಡs ಅದಾವ. ನಮ್ಮವಕ್ಕ ನಾಕು’ ಎಂದು ಮತ್ತೆ ಕೂರುತ್ತಿದ್ದರು. ‘ನೀವು ಎಷ್ಟು ವಿಮಾನ ಹಾರಿಸೀರಿ?’ ಎಂದು ಕೇಳಿದರೆ ಉತ್ತರ ಸಿದ್ಧವಿತ್ತು: ‘ಹಾರಿಸಿದ್ದು ಒಂದೂ ಇಲ್ಲ. ಹಾರಾಕ ಬಿಟ್ಟಿದ್ದಕ್ಕ ಲೆಕ್ಕಿಲ್ಲ.’

ನೇಕಾರರ ಮನೆಯ ಮಗ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆಳೆ ಕೊಂಡಿ ಹಾಕಿ ಕೂಡಿಸಬೇಕು. ಒಂದು ಕೊಂಡಿ ಸಡಿಲಾದರೂ ಅವರ ಅವ್ವ ಬೈಯುತ್ತಿದ್ದಳಂತೆ. ಆ ಬೈಗುಳ ತಿಂದೇ ಕಾಕಾ ಮುಂಬಯಿಗೆ ಹೋಗಿ ಏರ್ ಇಂಡಿಯಾದ ಹ್ಯಾಂಗರ್ ಸೇರಿದರು. 1971ರಲ್ಲಿ ಕಂಪನಿಯ ಮೊದಲ ಜಂಬೋ ‘ಎಂಪರರ್ ಅಶೋಕ’ ಬಂದದ್ದನ್ನು ಮನೆಗೆ ಸೊಸೆ ಬಂದಳೆಂಬಂತೆ ಹೇಳುತ್ತಿದ್ದರು. ಎಂಜಿನ್ನಿನ ಬೋಲ್ಟ್ ಬಿಗಿದ ಮೇಲೂ ಅದು ಅದುರಿ ಸಡಿಲಾಗದಂತೆ ತಂತಿ ಹೆಣೆದು ಕಟ್ಟುತ್ತಾರೆ. ‘ನಮ್ಮವ್ವನ ಕೊಂಡಿ ಕೆಲಸಾನs ಅಲ್ಲೂ’ ಎಂಬುದು ಕಾಕಾನ ಸಿದ್ಧಾಂತ.

ನಿವೃತ್ತರಾಗಿ ಊರಿಗೆ ಬಂದರೂ ಹ್ಯಾಂಗರಿನ ಶಿಸ್ತು ಬಿಡಲಿಲ್ಲ. ಅಲ್ಲಿ ಕೆಲಸ ಮುಗಿದ ಮೇಲೆ ಪಾನಾಗಳನ್ನು ಎಣಿಸಬೇಕು. ಒಂದು ಕಡಿಮೆಯಾದರೂ ಅದು ಸಿಗುವವರೆಗೆ ವಿಮಾನ ಏಳುವಂತಿಲ್ಲ. ಇಲ್ಲಿ ಅಡುಗೆಮನೆಯ ಹಲಗೆಯ ಮೇಲೆ ಪ್ರತಿ ಸೌಟಿನ ಆಕಾರ ಬರೆದು ಮೊಳೆ ಹೊಡೆದರು. ಕಾಕು ಬೇಕೆಂದೇ ಒಂದು ಸೌಟು ಅಡಗಿಸಿಟ್ಟು, ‘ಇವತ್ತ ಊಟ ಏಳೂದಿಲ್ರೀ’ ಎಂದು ನಗುತ್ತಿದ್ದಳು.

ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಮೊಮ್ಮಕ್ಕಳನ್ನು ಕರೆದೊಯ್ದರೆ ಮೊದಲು ದೇವಿ, ಆಮೇಲೆ ದೊಡ್ಡ ತೊಟ್ಟಿಲಿನ ಬೋಲ್ಟು. ಸುತ್ತ ತಿರುಗಿ, ಬಗ್ಗಿ, ತಟ್ಟಿ ನೋಡಿ ಹೂಂ ಎಂದರೆ ಮಾತ್ರ ಹುಡುಗರು ಹತ್ತಬೇಕು. ತೊಟ್ಟಿಲಿನವನು ಇವರನ್ನು ಸರಕಾರಿ ಸಾಹೇಬನೆಂದು ತಿಳಿದು ಚಹಾ ತರಿಸಿದ್ದೂ ಉಂಟು.

ಬಾಗಲಕೋಟೆಯಲ್ಲಿ ತಂಗಿಯ ಮನೆ ಆಲಮಟ್ಟಿ ಹಿನ್ನೀರಿಗೆ ಸೇರುವುದಿತ್ತು. ಎಲ್ಲರೂ ಪರಿಹಾರದ ಕಾಗದ ಎಣಿಸುತ್ತಿದ್ದಾಗ ಕಾಕಾ ತಲೆಬಾಗಿಲು ಬಿಚ್ಚಿ ಚೌಕಟ್ಟಿನ ತುಂಡುಗಳಿಗೆ ಸೀಮೆಸುಣ್ಣದಲ್ಲಿ ನಂಬರು ಬರೆದರು. ನವನಗರದ ಸಿಮೆಂಟು ಮನೆಗೆ ಆ ಸಾಗವಾನಿ ಬಾಗಿಲು ಕೂತಾಗ ತಂಗಿ ಅತ್ತಳು. ಕಾಕಾ ಬಾಗಿಲನ್ನು ಹತ್ತು ಸಲ ತೆಗೆದು ಹಾಕಿ, ಕಿರ್ ಎನ್ನುವುದಿಲ್ಲವೆಂದು ಖಾತ್ರಿ ಮಾಡಿಕೊಂಡರು. ಹುನಗುಂದದ ಹಾದಿಯಲ್ಲಿ ಮರಳುವಾಗ ಅಮೀನಗಡದಲ್ಲಿ ಇಳಿದು ಕಾಕುಗೆ ಕರದಂಟು ಕೊಳ್ಳುವುದು ಮರೆಯಲಿಲ್ಲ.

ವಿಮಾನದಲ್ಲಿ ಕೂತವರಿಗೆ ಪೈಲಟ್‌ನ ಹೆಸರು ಹೇಳುತ್ತಾರೆ, ರಿಪೇರಿ ಮಾಡಿದವನದು ಹೇಳುವುದಿಲ್ಲ. ಇಳಕಲ್ ಸೀರೆ ಉಟ್ಟವಳಿಗೂ ಕೊಂಡಿ ಹಾಕಿದವಳು ಯಾರೆಂದು ಗೊತ್ತಿಲ್ಲ. ಕಾಕಾನಿಗೆ ಅದರ ಕೊರಗಿರಲಿಲ್ಲ. ಅವರು ತೀರಿಕೊಂಡ ದಿನ ಕಟ್ಟೆಯ ಮೇಲೆ ಕೂತ ಹಿರಿಯ ನೇಕಾರರೊಬ್ಬರು ಒಂದೇ ಮಾತು ಹೇಳಿದರು: ‘ಅಂವ ಮುಟ್ಟಿದ್ದು ಮತ್ತ ರಿಪೇರಿಗೆ ಬರಲಿಲ್ಲ.’ ರಿಪೇರಿಯವನಿಗೆ ಇದಕ್ಕಿಂತ ದೊಡ್ಡ ಬಿರುದು ಬೇಕಿಲ್ಲ.