ಬಾಣಂತಿಯ ರೋಜಾ

ಬಾಣಂತಿಗೆ ಉಣಿಸುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಚಿಲ್ಲಾದ ನಲವತ್ತು ದಿನವೂ ಹರೀರಾ, ಅಂಟಿನುಂಡೆ, ಪಾಯಾ ಶೋರ್ಬಾ, ತುಪ್ಪ ಸುರಿದ ಅನ್ನ. ಬೇಡವೆಂದರೆ ‘ಹಾಲು ಎಲ್ಲಿಂದ ಬರಬೇಕು?’ ಎಂದು ಗದರುತ್ತೇವೆ. ಚಿಲ್ಲಾ ಮುಗಿದು, ಮಿಂದು, ಹೊಸ ಬಟ್ಟೆಯುಟ್ಟು ಅವಳು ಹೊರಬಂದಾಗ ‘ಎಷ್ಟು ಮೋಟಿ ಆಗಿಬಿಟ್ಟೆ!’ ಎನ್ನುವವರೂ ನಾವೇ.

2025ರ ರಂಜಾನ್ ಮಾರ್ಚಿನ ಬಿಸಿಲಲ್ಲಿ ಬಂತು. ನಮ್ಮಕ್ಕನ ಮಗಳ ಮಗುವಿಗೆ ಆಗ ಮೂರು ತಿಂಗಳು. ಅವಳಿನ್ನೂ ತವರಿನಲ್ಲೇ ಇದ್ದಳು. ಹಾಲುಣಿಸುವ ತಾಯಿ ತನಗೋ ಮಗುವಿಗೋ ತೊಂದರೆಯಾದೀತೆಂದು ಅಂಜಿದರೆ ರೋಜಾ ಬಿಡಬಹುದು, ಆಮೇಲೆ ತೀರಿಸಬಹುದು ಎಂದು ಉರ್ದು ಶಾಲೆಯ ದಿನಗಳಲ್ಲೇ ಕಲಿತವರು ನಾವು. ಆದರೂ ಅವಳು ಸಹರಿಗೆ ಎದ್ದಾಗ ತಡೆಯಲಿಲ್ಲ. ಹೆಮ್ಮೆಪಟ್ಟೆವು, ಪಕ್ಕದ ಮನೆಯವರೊಂದಿಗೆ ಹೇಳಿಕೊಂಡೆವು ಕೂಡ. ಸಹರಿಗೆ ಅರ್ಧ ಚಪಾತಿ, ಇಫ್ತಾರಿಗೆ ಎರಡು ಖರ್ಜೂರ, ಅಷ್ಟರಲ್ಲೇ ಅವಳು ಕೈ ತೊಳೆಯುತ್ತಿದ್ದುದು ಸಮೋಸ ಕರಿಯುವ ಗಡಿಬಿಡಿಯಲ್ಲಿ ನಮಗೆ ಕಾಣಲಿಲ್ಲ. ಕಥೆ ಬರೆಯುವವರೆಂದು ಬೇರೆ ನಮಗೆ ಹೆಸರು!

ಹನ್ನೊಂದನೆಯ ರೋಜಾದ ದಿನ, ಅಸರ್ ಹೊತ್ತಿಗೆ, ಮಗುವನ್ನೆತ್ತಿಕೊಂಡು ಏಳಹೋದವಳು ಗೋಡೆಗೊರಗಿ ಕುಸಿದಳು. ಮಗು ಕೈಯಿಂದ ಜಾರಲಿಲ್ಲ, ಅದು ಅಲ್ಲಾಹನ ದಯೆ. ನೀರು ಕುಡಿಸಿ ಮಲಗಿಸಿದ ಮೇಲೆ ಅಳುತ್ತ ಹೇಳಿದಳು: ‘ಖಾಲಾ, ನಾನು ರೋಜಾ ಇದ್ದದ್ದು ಸವಾಬಿಗಲ್ಲ. ಈದ್ ಕಳೆದ ಮೇಲೆ ಮೈದುನನ ನಿಕಾಹ್. ಅಷ್ಟರಲ್ಲಿ ಮೈ ಇಳಿಯಲಿ ಅಂತ.’ ಗಂಡ ಏನೂ ಅಂದಿರಲಿಲ್ಲ. ಅಂದವರು ನಾವು, ನಗುನಗುತ್ತ.

ಮರುದಿನ ಲೇಡಿ ಡಾಕ್ಟರ ಬಳಿ ಕರೆದೊಯ್ದೆವು. ಬೈಯುತ್ತಾರೆಂದುಕೊಂಡಿದ್ದೆವು. ಅವರು ಕುರ್ಚಿ ಹತ್ತಿರಕ್ಕೆಳೆದುಕೊಂಡು ಬಿಡಿಸಿ ಹೇಳಿದರು. ಬಸಿರಿನಲ್ಲಿ ಮೈ ಕೂಡಿಡುವ ಕೊಬ್ಬಿನ ಒಂದು ಪಾಲು ಮುಂದಿನ ಹಾಲಿಗೆಂದೇ ಇರುವುದು. ಎದೆಹಾಲನ್ನೇ ಕುಡಿಯುವ ಮಗುವಿದ್ದರೆ ದಿನಕ್ಕೆ ಸುಮಾರು 500 ಕ್ಯಾಲೊರಿ ಹಾಲು ತಯಾರಾಗುವುದಕ್ಕೇ ಹೋಗುತ್ತದೆ. ಮೊದಲ ಆರು ತಿಂಗಳು ಮಾಮೂಲಿ ಊಟದ ಮೇಲೆ 600 ಕ್ಯಾಲೊರಿ ಹೆಚ್ಚು ಬೇಕೆಂದು ಐಸಿಎಂಆರ್ 2020ರಲ್ಲಿ ಹೇಳಿದೆ. ಹೊಟ್ಟೆ ಕಟ್ಟಿದರೆ ಹಾಲು ಒಮ್ಮೆಲೇ ಬತ್ತುವುದಿಲ್ಲ, ಮೊದಲು ಬತ್ತುವವಳು ತಾಯಿ. ತೂಕ ಇಳಿಸಬಾರದೆಂದಲ್ಲ, ಮೊದಲ ಎರಡು ತಿಂಗಳು ಆ ಗೊಡವೆ ಬೇಡ. ಆಮೇಲೂ ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು, ದಿನದ ಊಟ 1800 ಕ್ಯಾಲೊರಿಗಿಂತ ಕಡಿಮೆಯಾಗಬಾರದು. ತೆಳ್ಳಗಾಗುವ ಚಹಾ, ಗುಳಿಗೆಗಳನ್ನಂತೂ ಮುಟ್ಟಕೂಡದು. ಹೆರಿಗೆಯ ನಂತರ ಕೆಲವರಿಗೆ ಥೈರಾಯ್ಡ್ ಏರುಪೇರಾಗುವುದುಂಟು ಎಂದು ರಕ್ತ ಪರೀಕ್ಷೆಗೂ ಬರೆದುಕೊಟ್ಟರು. ಥೈರಾಯ್ಡ್ ಸರಿಯಿತ್ತು, ರಕ್ತ ಕಡಿಮೆಯಿತ್ತು. ಇಷ್ಟೆಲ್ಲ ತುಪ್ಪ ತಿನ್ನಿಸಿಯೂ!

ಅಡುಗೆಮನೆ ಸ್ವಲ್ಪ ಬದಲಾಯಿತು. ತುಪ್ಪ ಸೌಟಿನಿಂದ ಚಮಚಕ್ಕಿಳಿಯಿತು. ಅಂಟಿನುಂಡೆ ದಿನಕ್ಕೊಂದೇ. ಸಬ್ಬಸಿಗೆ, ಮೆಂತ್ಯ ಸೊಪ್ಪು, ಬೇಳೆ, ಮೊಟ್ಟೆ, ಕೊಬ್ಬು ತೆಗೆದ ಮಾಂಸ, ಮಧ್ಯಾಹ್ನಕ್ಕೆ ರಾಗಿಮುದ್ದೆ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಮಿನಷ್ಟು ಕ್ಯಾಲ್ಸಿಯಂ ಇದೆಯೆಂದು ಹೇಳಿದರೂ ನಮ್ಮ ಅಮ್ಮಿ ‘ಬಾಣಂತಿಗೆ ಮುದ್ದೆಯೇ?’ ಎಂದು ಎರಡು ದಿನ ಮುನಿಸಿಕೊಂಡಿದ್ದರು.

ಕಷ್ಟವಾದದ್ದು ನಡಿಗೆ. ಸಂಜೆ ಮಗುವಿಗೆ ಹಾಲು ಕೊಟ್ಟು ಅರ್ಧ ಗಂಟೆ ನಡೆಯಿರಿ ಎಂದಿದ್ದರು ಡಾಕ್ಟರು. ನಡೆಯುವುದೆಲ್ಲಿ? ನಮ್ಮ ಮೊಹಲ್ಲಾದಲ್ಲಿ ಹೆಣ್ಣು ಸುಮ್ಮನೆ ನಡೆದರೆ ‘ಎಲ್ಲಿಗೆ ಹೊರಟಿರಿ?’ ಎಂದು ನಾಲ್ಕು ಬಾಗಿಲು ಕೇಳುತ್ತವೆ. ಕೊನೆಗೆ ನಾವು ಮೂವರು ಖಾಲಾಗಳೂ ಬುರ್ಖಾ ತೊಟ್ಟು ಅವಳೊಂದಿಗೆ ಶಾಲೆಯ ಮೈದಾನ ಸುತ್ತತೊಡಗಿದೆವು. ಮೊದಲ ದಿನ ಏದುಸಿರು ಬಂದದ್ದು ನಮಗೆ, ಅವಳಿಗಲ್ಲ.

ಬಿಟ್ಟ ರೋಜಾಗಳನ್ನು ಅವಳು ಡಿಸೆಂಬರಿನ ಸಣ್ಣ ಹಗಲುಗಳಲ್ಲಿ ತೀರಿಸಿದಳು. ಮಗು ಆಗ ಅನ್ನ ತಿನ್ನುತ್ತಿತ್ತು, ರಾತ್ರಿ ಹಾಲೂ ಕುಡಿಯುತ್ತಿತ್ತು. ನಿಕಾಹ್‌ನ ಹೊತ್ತಿಗೆ ಇಳಿದದ್ದು ಎರಡು ಕಿಲೋ ಇದ್ದೀತು. ದರ್ಜಿ ಒಳಗೆ ಬಿಟ್ಟಿದ್ದ ಹೊಲಿಗೆ ಬಿಚ್ಚಿ ಅಗಲ ಮಾಡಿಸಿದ ಹಳೆಯ ಕುರ್ತಾವನ್ನೇ ತೊಟ್ಟು ಬಂದಳು. ಊಟದ ಪಂಕ್ತಿಯಲ್ಲಿ ದೂರದ ಚಾಚಿಯೊಬ್ಬರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಬಾಯಿ ತೆರೆದರು. ನಾವು ಬಿರಿಯಾನಿಯ ತಬಕನ್ನು ಅವರ ಮುಂದಕ್ಕೆ ಸರಿಸಿದೆವು.