ಆಕಾಶಕ್ಕೆ ಜ್ವರ ನೋಡಿದ್ದು (ಭಾಗ 4)

ಮೊದಲ ಫೋಟೋ ನೋಡಿದ್ರಾ? ಕಳಸದ ಹತ್ರ ನಮ್ಮನೆ ಕಾಫಿ ಕಣ, ಜನವರಿ, ಬೆಳಗ್ಗೆ ಏಳು ಗಂಟೆ. ಹಿಂದೆ ಕುದುರೆಮುಖದ ಸಾಲು. ಬೀಜದ ಮೇಲೆ ಹೊಳೀತಿರೋದು ಇಬ್ಬನಿ. ಚಂದ ಇದೆ, ಆದ್ರೆ ಅದು ನನ್ನ ತಪ್ಪಿಂದ ಬಿದ್ದಿದ್ದು.

ಹಿಂದಿನ ರಾತ್ರಿ ಅಪ್ಪ "ಟಾರ್ಪಾಲ್ ಹೊದಿಸು" ಅಂದಿದ್ರು. ತಲೆ ಎತ್ತಿ ನೋಡ್ದೆ. ಒಂದು ಚೂರೂ ಮೋಡ ಇಲ್ಲ, ಬರೀ ನಕ್ಷತ್ರ. ಮಳೆ ಎಲ್ಲಿ ಬರತ್ತೆ ಅಂತ ಹೋಗಿ ಮಲಗಿದೆ. ಬೆಳಗ್ಗೆ ಅರ್ಧ ಒಣಗಿದ್ದ ಬೀಜ ಪೂರ್ತಿ ಒದ್ದೆ. ಮತ್ತೆ ಮೂರು ದಿನ ಬಿಸಿಲು ಬೇಕಾಯ್ತು, ಹರಡೋ ಕೂಲಿ ಬೇರೆ. ಅಪ್ಪ ಬೈಲಿಲ್ಲ. ಒಂದು ಹಿಡಿ ತಗೊಂಡು ಮೂಸಿ ವಾಪಸ್ ಹಾಕಿದ್ರು. ಬೈದಿದ್ರೆ ಚೆನ್ನಾಗಿತ್ತು.

ಮಳೆ ಇಲ್ದೆ ನೀರು ಎಲ್ಲಿಂದ? ನೆಲ, ಬೀಜ, ನಮ್ಮ ಮೈ ಎಲ್ಲವೂ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣವಾಗಿ ಶಾಖ ಬಿಡ್ತಾನೇ ಇರ್ತವೆ. ಗಾಳಿಯಲ್ಲಿರೋ ನೀರಾವಿ, ಕಾರ್ಬನ್ ಡೈಆಕ್ಸೈಡ್ ಅದರಲ್ಲಿ ಬಹುಪಾಲನ್ನು ಹೀರಿ ಕೆಳಗೂ ಕಳಿಸ್ತವೆ. ಆದರೆ ಸುಮಾರು 8ರಿಂದ 14 ಮೈಕ್ರಾನ್ ಅಲೆಯುದ್ದದಲ್ಲಿ ಒಂದು ಕಿಟಕಿ ಇದೆ. ಒಣ, ಶುಭ್ರ ರಾತ್ರಿ ಅದು ತೆರೆದೇ ಇರತ್ತೆ. ಬೀಜ ಗಾಳಿಗಿಂತ ತಣ್ಣಗಾಗಿ ಅದರ ಮೇಲೆ ಆವಿ ಹನಿಗಟ್ಟತ್ತೆ. ಮೋಡ ಬಂದ್ರೆ ಕಿಟಕಿ ಬಂದ್. ಅಂದ್ರೆ ನಾನು ಯಾವುದನ್ನ ಸೇಫ್ ಅಂದ್ಕೊಂಡಿದ್ನೋ ಅದೇ ಡೇಂಜರ್ ಆಕಾಶ.

ಇದನ್ನ ಮನೆಯಲ್ಲೇ ಅಳೀಬಹುದು. ಕೋವಿಡ್ ಟೈಮಿನ ಹಣೆ ಥರ್ಮಾಮೀಟರ್ ಬೇಡ, ಆಕಾಶಕ್ಕೆ ಹಿಡಿದ್ರೆ ಅದು "ಲೋ" ಅಂತ ಸುಮ್ಮನಾಗತ್ತೆ. ಮೋಟಾರ್ ಬಿಸಿ ನೋಡೋ ಇನ್‌ಫ್ರಾರೆಡ್ ಗನ್ ಬೇಕು, ಅದು ನೋಡೋದೂ ಹೆಚ್ಚುಕಮ್ಮಿ ಇದೇ ಕಿಟಕಿಯಲ್ಲಿ. ಎರಡನೇ ಫೋಟೋ: ರಾತ್ರಿ ಒಂಬತ್ತು, ಅಂಗಳದ ಗಾಳಿ 17 ಡಿಗ್ರಿ. ನೆತ್ತಿ ಮೇಲೆ ಹಿಡಿದ್ರೆ ಮೈನಸ್ 11. ಅರ್ಧ ಬಾಗಿಸಿದ್ರೆ ಮೈನಸ್ 7. ಗುಡ್ಡದ ಅಂಚಿನ ಮೇಲೆ 6. ಓರೆಯಾಗಿ ನೋಡಿದಷ್ಟೂ ಜಾಸ್ತಿ ಗಾಳಿ ಅಡ್ಡ ಬರತ್ತೆ, ಅದಕ್ಕೆ. ವಾರದ ನಂತರ ಮೋಡ ಕವಿದ ರಾತ್ರಿ ಅದೇ ನೆತ್ತಿ 13! ಇಬ್ಬನಿನೂ ಇಲ್ಲ. (ಈ ಅಂಕಿ ಆಕಾಶದ ನಿಜವಾದ ಉಷ್ಣತೆ ಅಲ್ಲ ಮತ್ತೆ. ಮೇಲಿಂದ ಎಷ್ಟು ಶಾಖ ವಾಪಸ್ ಬರ್ತಿದೆ ಅನ್ನೋ ಸುಳಿವು ಅಷ್ಟೇ. ಹಗಲು ಸೂರ್ಯನ ಕಡೆ ಹಿಡೀಬೇಡಿ.)

ಲಡಾಖ್‌ನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, ದೂರದರ್ಶಕ ಇಟ್ಟಿರೋದಕ್ಕೂ ಇದೊಂದು ಕಾರಣ. ಅಲ್ಲಿ ನೀರಾವಿ ತೀರಾ ಕಮ್ಮಿ, ಇನ್‌ಫ್ರಾರೆಡ್ ಕೆಳಗಿನವರೆಗೂ ತಲುಪತ್ತೆ. ಅದನ್ನ ನಡೆಸೋದು ನಮ್ಮ ಹೊಸಕೋಟೆಯಿಂದ, ಗೊತ್ತಾ?

ಕೊನೇ ಫೋಟೋ ನಿನ್ನೇದು. ಇಬ್ಬನಿ ಟಾರ್ಪಾಲ್ ಮೇಲೆ, ಬೀಜ ಒಣ. ಈಗ ಸಂಜೆಯಾದ್ರೆ ಅಪ್ಪ "ಇವತ್ತು ಆಕಾಶ ಎಷ್ಟಿದೆ?" ಅಂತ ಕೇಳ್ತಾರೆ. ನಾನು ಎಷ್ಟು ಹೇಳಿದ್ರೂ ಆಮೇಲೆ "ಹೊದಿಸು" ಅಂತಾರೆ.