ಎರಡನೇ ಕಾಲಂ

ನಮ್ಮಜ್ಜಿ ನಟ ದತ್ತಣ್ಣನವರನ್ನು ಇವತ್ತಿಗೂ ‘ನಮ್ಮ ದುರ್ಗದ ಹುಡುಗ’ ಅನ್ನುತ್ತಾಳೆ. ದತ್ತಣ್ಣ, ಅಂದರೆ ಎಚ್.ಜಿ. ದತ್ತಾತ್ರೇಯ, ಚಿತ್ರದುರ್ಗದಲ್ಲಿ ಹುಟ್ಟಿದ್ದು 1942ರಲ್ಲಿ. ಅಜ್ಜಿ ಅವರಿಗಿಂತ ಒಂದೆರಡು ವರ್ಷ ಚಿಕ್ಕವಳೇ. ‘ಅವರು ಹುಡುಗ ಹೆಂಗಾಗ್ತಾರಜ್ಜಿ?’ ಅಂದರೆ, ‘ಟೀವಿಯೊಳಗೆ ಬರೋರಿಗೆ ವಯಸ್ಸೇನು ಬಂತು, ಸುಮ್ನಿರವ್ವ’ ಅಂತ ಗದರುತ್ತಾಳೆ.

ನನ್ನ ಪಿಎಚ್.ಡಿ. ಕನ್ನಡ ಧಾರಾವಾಹಿಗಳ ನಟನೆಯ ಬಗ್ಗೆ. ಸಿನಿಮಾ ಅಂದಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ರಂಗಭೂಮಿ ಅಂದಿದ್ದರೆ ಗೌರವವೇ ಸಿಗುತ್ತಿತ್ತು. ಒಂದು ಸೆಮಿನಾರಿನ ಊಟದ ಸಾಲಿನಲ್ಲಿ ಹಿರಿಯ ಪ್ರಾಧ್ಯಾಪಕರೊಬ್ಬರು ‘ಸೀರಿಯಲ್ಲಾ?’ ಅಂತ ಹುಬ್ಬೇರಿಸಿ, ‘ಹಾಗಿದ್ರೆ ನಮ್ಮನೇಲಿ ನಮ್ಮಮ್ಮನ್ನ ಕೇಳಮ್ಮ, ಅವರೇ ಅಥಾರಿಟಿ’ ಅಂದು ನಕ್ಕರು. ಸುತ್ತಲಿದ್ದವರೂ ನಕ್ಕರು. ನಾನೂ ನಕ್ಕೆ. ರಾತ್ರಿ ಹಾಸ್ಟೆಲ್ಲಿಗೆ ಬಂದ ಮೇಲೆ ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ, ನಕ್ಕ ನನ್ನ ಮೇಲೆ. ಅವರು ತಮಾಷೆಗೆ ಹೇಳಿದ್ದು ಅಕ್ಷರಶಃ ನಿಜ ಅಂತ ಗೊತ್ತಾಗಲಿಕ್ಕೆ ಇನ್ನೂ ಒಂದು ವರ್ಷ ಬೇಕಾಯಿತು.

ನನ್ನ ಮಾರ್ಗದರ್ಶಕರು ಸಿದ್ಧಾಂತಕ್ಕೆ ಅವಸರ ಮಾಡುವವರಲ್ಲ. ‘ಮೊದಲು ಒಬ್ಬ ನಟನನ್ನು ಹಿಡ್ಕೊ. ಅವರು ಮಾಡಿದ ಪಾತ್ರಗಳ ಪಟ್ಟಿ ಪೂರ್ತಿ ಮಾಡು. ಆಮೇಲೆ ಮಾತಾಡೋಣ’ ಅಂದರು. ನಮ್ಮ ಜಿಲ್ಲೆಯವರೇ ಇರಲಿ ಅಂತ ದತ್ತಣ್ಣನವರನ್ನು ಆರಿಸಿಕೊಂಡೆ. ನೋಟ್‌ಬುಕ್ಕಿನಲ್ಲಿ ಗೀಟು ಎಳೆದು ಎರಡು ಕಾಲಂ ಮಾಡಿದೆ, ಒಂದು ಸಿನಿಮಾ, ಇನ್ನೊಂದು ಟೀವಿ.

ಮೊದಲನೇ ಕಾಲಂ ಒಂದೇ ಸಂಜೆಯಲ್ಲಿ ಮುಕ್ಕಾಲು ತುಂಬಿತು. ‘ಮುನ್ನುಡಿ’ಗೆ 2000ದ ಸಾಲಿನ ರಾಷ್ಟ್ರಪ್ರಶಸ್ತಿ, ಅತ್ಯುತ್ತಮ ಪೋಷಕ ನಟ. ಅನಂತಮೂರ್ತಿಯವರ ಕತೆ ಆಧರಿಸಿದ ‘ಮೌನಿ’. ಕಾರಂತರ ಗೋಪಾಲಯ್ಯನಾಗಿ ‘ಬೆಟ್ಟದ ಜೀವ’. ಕಿರಾಣಿ ಅಂಗಡಿಯೊಂದು ಮುಚ್ಚಿಹೋಗುವ ‘ಭಾರತ್ ಸ್ಟೋರ್ಸ್’. 2016ರಲ್ಲಿ ‘ನೀರ್ ದೋಸೆ’, 2019ರಲ್ಲಿ ಹಿಂದಿಯ ‘ಮಿಷನ್ ಮಂಗಲ್’. ಈ ಕೊನೆಯದು ನನಗೆ ಬಹಳ ಇಷ್ಟ. ಇಂಜಿನಿಯರಿಂಗ್ ಓದಿ, ಇಪ್ಪತ್ತಕ್ಕೂ ಹೆಚ್ಚು ವರ್ಷ ವಾಯುಪಡೆಯಲ್ಲಿದ್ದು ವಿಂಗ್ ಕಮಾಂಡರ್ ಆಗಿ, ಆಮೇಲೆ ಎಚ್‌ಎಎಲ್‌ನಲ್ಲಿ ಕೆಲಸ ಮಾಡಿದ ಮನುಷ್ಯ, ಎಪ್ಪತ್ತೇಳನೇ ವಯಸ್ಸಿನಲ್ಲಿ ಪರದೆಯ ಮೇಲೆ ನಿವೃತ್ತಿಯ ಅಂಚಿನ ರಾಕೆಟ್ ವಿಜ್ಞಾನಿ!

ಎರಡನೇ ಕಾಲಮ್ಮಿನಲ್ಲಿ ‘ಮಾಯಾಮೃಗ, 1998, ದೂರದರ್ಶನ’ ಅಂತ ಬರೆದು ಪೆನ್ನು ನಿಂತಿತು. ಅಲ್ಲೊಂದು ಇಲ್ಲೊಂದು ಹೆಸರು ಸಿಕ್ಕವು, ಅಷ್ಟೇ. ಚಿತ್ರದುರ್ಗದ ಗ್ರಂಥಾಲಯದಲ್ಲಿ ಕೂತು ಹಳೆಯ ಪತ್ರಿಕೆಗಳ ಬೈಂಡುಗಳನ್ನು ತಿರುವಿದೆ. ಟೀವಿ ಕಾರ್ಯಕ್ರಮಗಳ ಪಟ್ಟಿ ದಿನಾ ಇರುತ್ತದೆ: ಗಂಟೆ, ಧಾರಾವಾಹಿಯ ಹೆಸರು, ಮುಗಿಯಿತು. ಯಾರು ನಟಿಸಿದರು, ಎಷ್ಟು ಕಂತು, ಯಾವ ಪಾತ್ರ ಯಾವಾಗ ಬಂತು ಯಾವಾಗ ಹೋಯಿತು, ಒಂದೂ ಇಲ್ಲ. ಸಿನಿಮಾ ವಿಮರ್ಶೆ ವಾರವಾರವೂ ಬರುತ್ತಿತ್ತು. ದಿನಾ ಬರುವುದನ್ನು ಯಾರು ವಿಮರ್ಶೆ ಮಾಡುತ್ತಾರೆ?

ಇದರಲ್ಲೊಂದು ಅನ್ಯಾಯ ಇದೆ. ‘ಮಾಯಾಮೃಗ’ವನ್ನು ನಿರ್ದೇಶಿಸಿದವರು ಮೂವರು: ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ. ಅದೇ ಶೇಷಾದ್ರಿ ಎರಡು ವರ್ಷದ ನಂತರ ತಮ್ಮ ಮೊದಲ ಸಿನಿಮಾ ‘ಮುನ್ನುಡಿ’ ಮಾಡಿದರು. ದತ್ತಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಅದಕ್ಕೆ. ನಿರ್ದೇಶಕ ಮತ್ತು ನಟ ಒಬ್ಬರನ್ನೊಬ್ಬರು ಪಳಗಿಸಿಕೊಂಡದ್ದು ಸೀರಿಯಲ್ಲಿನ ಆ ದಿನವಹಿ ದುಡಿಮೆಯಲ್ಲೂ ಅಲ್ಲವೇ? ಆದರೆ ದಾಖಲೆಯಲ್ಲಿ ಉಳಿದದ್ದು ಪ್ರಶಸ್ತಿ. ಬೇರು ಟೀವಿಯಲ್ಲಿ, ಹೆಸರು ಸಿನಿಮಾದಲ್ಲಿ.

ನೋಟ್‌ಬುಕ್ ಹಿಡಿದು ಹಿರಿಯೂರಿಗೆ ಹೋದೆ, ಅಜ್ಜಿಯ ಹತ್ತಿರ. ಕೇಳಲಿಕ್ಕಂತ ಹೋದದ್ದಲ್ಲ, ದಸರಾ ರಜೆಗೆ. ಜಗುಲಿಯಲ್ಲಿ ಕೂತು ಬರೆಯುತ್ತಿದ್ದಾಗ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ‘ಏನದು ಬರಕಂತ ಕೂತಿದ್ದೀಯ?’ ಅಂದಳು. ಹೇಳಿದೆ. ಶುರುವಾಯಿತು ನೋಡಿ.

‘ಮಾಯಾಮೃಗ ಬರೋವಾಗ ನಿನಗಿನ್ನೂ ಒಂದೂವರೆ ವರ್ಷ. ನಿಮ್ಮಮ್ಮಂಗೆ ಟೈಫಾಯ್ಡ್ ಆಗಿತ್ತು. ನಿನ್ನ ಕಾಲ ಮೇಲೆ ಮಲಗಿಸ್ಕಂಡು ನೋಡ್ತಿದ್ದೆ. ನಿಮ್ಮ ಮಾವ ಮಾಳಿಗೆ ಹತ್ತಿ ಆಂಟೆನಾ ತಿರುಗ್ಸೋನು. ಬಂತಾ ಬಂತಾ ಅನ್ನೋನು, ಇಲ್ಲಿಂದ ನಾವು ಹೋತು ಹೋತು ಅನ್ನೋದು.’ ಹೀಗೆ ಒಂದೊಂದೇ. ಅಜ್ಜಿಯ ಕಾಲಮ್ಮಿನಲ್ಲಿ ಇಸವಿ ಇಲ್ಲ. ಎಮ್ಮೆ ಮಾರಿದ ವರ್ಷ ಬಂದದ್ದು, ಚಿಕ್ಕಮ್ಮನ ಬಾಣಂತನದಲ್ಲಿ ಬಂದದ್ದು, ತಾತ ತೀರಿಕೊಂಡ ಹದಿಮೂರು ದಿನ ನೋಡದೇ ಬಿಟ್ಟದ್ದು. ‘ಆ ಹದಿಮೂರು ದಿನದಾಗೆ ಏನಾತು ಅಂತ ಪಕ್ಕದ್ಮನೆಯೋಳು ಹಿತ್ತಲಿಗೆ ಬಂದು ಹೇಳೋಳು’ ಅಂದಳು. ನಾನು ಪಂಚಾಂಗ, ಮರಣಪತ್ರ, ಮಾವನ ಹಸುಸಾಲದ ಪಾಸ್‌ಬುಕ್ ಎಲ್ಲ ತೆಗೆಸಿ ಇಸವಿ ಹಾಕಿಕೊಳ್ಳುತ್ತಾ ಹೋದೆ. ಸಂಶೋಧನಾ ವಿಧಾನದ ಯಾವ ಪುಸ್ತಕದಲ್ಲೂ ಹಸುಸಾಲದ ಪಾಸ್‌ಬುಕ್ ಆಕರ ಅಂತ ಇಲ್ಲ.

ಮಾಯಾಮೃಗದ ಶೀರ್ಷಿಕೆ ಗೀತೆಯನ್ನು ಅವಳು ಇನ್ನೂ ಗುನುಗುತ್ತಾಳೆ. ಸಿ. ಅಶ್ವತ್ಥರ ಸಂಗೀತದ ಆ ಹಾಡು ಎಚ್.ಎಸ್. ವೆಂಕಟೇಶಮೂರ್ತಿಯವರದು ಅಂತಲೂ, ಅವರು ಒಂದು ಕಾಲಕ್ಕೆ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಮೇಷ್ಟರಾಗಿದ್ದರು ಅಂತಲೂ ಹೇಳಿದೆ. ಅಜ್ಜಿಗೆ ಆಶ್ಚರ್ಯವೇನೂ ಆಗಲಿಲ್ಲ. ಒಳ್ಳೆಯದೆಲ್ಲ ದುರ್ಗದ ಸೀಮೆಯಿಂದಲೇ ಬರುವುದು ಅಂತ ಅವಳಿಗೆ ಮೊದಲೇ ಗೊತ್ತು.

ತೊಡಕುಗಳೂ ಇದ್ದವು. ದತ್ತಣ್ಣನವರ ಅಣ್ಣ ಎಚ್.ಜಿ. ಸೋಮಶೇಖರ ರಾವ್ ಕೆನರಾ ಬ್ಯಾಂಕಿನಲ್ಲಿದ್ದವರು, ಅವರೂ ನಟರು. 2020ರ ನವೆಂಬರಿನಲ್ಲಿ ತೀರಿಕೊಂಡರು. ಅಜ್ಜಿ ಅಣ್ಣನ ಪಾತ್ರಗಳನ್ನು ತಮ್ಮನ ಲೆಕ್ಕಕ್ಕೂ ತಮ್ಮನದನ್ನು ಅಣ್ಣನ ಲೆಕ್ಕಕ್ಕೂ ಹಾಕುತ್ತಾಳೆ. ‘ಒಂದೇ ಮನೇವಲ್ಲ, ಯಾರದಾದ್ರೇನು’ ಅನ್ನುತ್ತಾಳೆ. ನನ್ನ ನೋಟ್‌ಬುಕ್ಕಿನಲ್ಲಿ ಆ ಸಾಲುಗಳಿಗೆಲ್ಲ ಪ್ರಶ್ನಾರ್ಥಕ ಚಿಹ್ನೆ ಇದೆ.

ಅವರ ನಟನೆಯಲ್ಲಿ ನಿನಗೆ ಏನು ಇಷ್ಟ ಅಂತ ಕೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಅವರೆಕಾಯಿ ಸುಲಿದಳು. ‘ಬೇರೆಯೋರು ಮಾತಾಡೋವಾಗ ಅವನು ಕೇಳಿಸ್ಕಂತಾನೆ’ ಅಂದಳು.

ನಾನು ಅಷ್ಟು ಹೊತ್ತಿಗೆ ನಟನೆಯ ಬಗ್ಗೆ ಒಂದಿಷ್ಟು ಪುಸ್ತಕ ಓದಿದ್ದೆ, ಇಷ್ಟು ಸರಿಯಾದ ಮಾತು ಅವುಗಳಲ್ಲಿ ನನಗೆ ಸಿಕ್ಕಿರಲಿಲ್ಲ. ಧಾರಾವಾಹಿಯ ಕ್ಯಾಮೆರಾ ಇರುವುದು ಮುಖಗಳ ಹತ್ತಿರ. ಒಬ್ಬರು ಒಂದು ಮಾತು ಆಡಿದರೆ ಮನೆಮಂದಿಯ ಮುಖವನ್ನೆಲ್ಲ ಒಂದು ಸುತ್ತು ತೋರಿಸುತ್ತದೆ. ಈಚಿನ ಸೀರಿಯಲ್ಲುಗಳಲ್ಲಿ ಆ ಸುತ್ತಿಗೆ ಸಿಡಿಲಿನ ಸದ್ದು ಬೇರೆ ಇರುತ್ತದೆ. ಅಲ್ಲಿ ನಟ ಮಾಡಬೇಕಾದ ಮುಕ್ಕಾಲು ಕೆಲಸ ಬರೀ ಕೇಳಿಸಿಕೊಳ್ಳುವುದು. ಹೆಚ್ಚಿನವರು ಕೇಳಿಸಿಕೊಳ್ಳುವುದಿಲ್ಲ, ತಮ್ಮ ಸರದಿಗೆ ಕಾಯುತ್ತಾರೆ, ಕಣ್ಣರಳಿಸುತ್ತಾರೆ. ದತ್ತಣ್ಣನವರ ಮುಖದಲ್ಲಿ ಎದುರಿನವರ ಮಾತು ಇಳಿಯುತ್ತಿರುವುದು ಕಾಣುತ್ತದೆ. ಗದ್ದ ಸ್ವಲ್ಪ ಕೆಳಗಾಗುತ್ತದೆ, ಕಣ್ಣು ಪಕ್ಕಕ್ಕೆ ಹೋಗಿ ಬರುತ್ತದೆ, ಅಷ್ಟೇ. ನಲವತ್ತರ ನಡುವಯಸ್ಸಿನಲ್ಲಿ ಸಿನಿಮಾಕ್ಕೆ ಬಂದವರಿಗೆ ಕ್ಯಾಮೆರಾವನ್ನು ಗೆಲ್ಲಬೇಕೆಂಬ ಹುಡುಗಾಟ ಇರಲಿಕ್ಕಿಲ್ಲ ಅಂತ ನನ್ನ ಊಹೆ.

2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1933ರ ನಂತರ ಮೊದಲ ಸಲ, 89 ವರ್ಷಕ್ಕೆ. ಇಡೀ ಹಿರಿಯೂರು ಮಾರಿಕಣಿವೆಗೆ ನಡೆಯಿತು. ಅಜ್ಜಿಯನ್ನೂ ಆಟೋದಲ್ಲಿ ಕರೆದುಕೊಂಡು ಹೋದೆವು. ಹುಟ್ಟಿದಾಗಿನಿಂದ ಕಾಣದ ನೀರು ಕಣ್ಣೆದುರು ಧುಮುಕುತ್ತಿದ್ದರೆ ಅವಳು ಕೈಮುಗಿದು, ಎರಡು ನಿಮಿಷ ನೋಡಿ, ‘ಏಳು ಗಂಟೆಗೆ ಮುಂಚೆ ಮನೆ ಸೇರಬೌದಾ?’ ಅಂದಳು. ಮಾವನಿಗೆ ರೇಗಿಹೋಯಿತು. ನೀರು ನಾಳೆಯೂ ಇರುತ್ತದೆ, ಇವತ್ತಿನ ಕಂತು ಇವತ್ತೇ, ಇದು ಅವಳ ವಾದ. ಮೊಬೈಲಿನಲ್ಲಿ ಆಮೇಲೂ ನೋಡಬಹುದು ಅಂದರೆ ಒಪ್ಪುವುದಿಲ್ಲ. ‘ಮಾಯಾಮೃಗ’ ಈಗ ಯೂಟ್ಯೂಬಿಗೆ ಬಂದಿದೆ. ನನ್ನ ಎರಡನೇ ಕಾಲಮ್ಮಿನ ಒಂದು ಸಾಲಾದರೂ ಗಟ್ಟಿಯಾಯಿತು ಅಂತ ನಾನು ಕುಣಿದಾಡಿ ಅವಳಿಗೆ ತೋರಿಸಿದೆ. ‘ನೋಡಿದ್ದಾಗೈತಲ್ಲ’ ಅಂತ ಫೋನು ವಾಪಸು ಕೊಟ್ಟಳು.

ಟೀವಿ ತಾನು ಮಾಡಿದ್ದನ್ನು ತಾನೇ ಕಳೆದುಕೊಳ್ಳುವುದು ನಮ್ಮಲ್ಲಿ ಮಾತ್ರ ಅಲ್ಲ. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಬಿಬಿಸಿಯೇ ‘ಡಾಕ್ಟರ್ ಹೂ’ ಟೇಪುಗಳನ್ನು ಅಳಿಸಿಹಾಕಿತ್ತು; 90ಕ್ಕೂ ಹೆಚ್ಚು ಕಂತುಗಳು ಕಳೆದುಹೋಗಿವೆ. ಆದರೆ ಬ್ರಿಟನ್ನಿನ ಸೀರಿಯಲ್ ನಟನ ಬದುಕಿಗೂ ನಮ್ಮವರ ಬದುಕಿಗೂ ಒಂದು ವ್ಯತ್ಯಾಸ ಇದೆ. ‘ಕೊರೊನೇಷನ್ ಸ್ಟ್ರೀಟ್’ ಅಂತ ಒಂದು ಧಾರಾವಾಹಿ, 1960ರ ಡಿಸೆಂಬರ್ 9ಕ್ಕೆ ಶುರುವಾದದ್ದು ಇನ್ನೂ ನಿಂತಿಲ್ಲ. ಮೊದಲ ಕಂತಿನಲ್ಲಿ ಕಾಲೇಜು ಹುಡುಗನಾಗಿ ಬಂದ ವಿಲಿಯಂ ರೋಚ್ ಅದೇ ಕೆನ್ ಬಾರ್ಲೋ ಪಾತ್ರದಲ್ಲಿ ಅರವತ್ತು ವರ್ಷ ದಾಟಿ ಗಿನ್ನೆಸ್ ದಾಖಲೆ ಮಾಡಿದರು. ಒಬ್ಬ ಮನುಷ್ಯ, ಒಂದು ಬೀದಿ, ಒಂದು ಹೆಸರು. ನಮ್ಮ ನಟರು ಮೂರ್ನಾಲ್ಕು ವರ್ಷಕ್ಕೊಮ್ಮೆ ಮನೆ ಬದಲಾಯಿಸುತ್ತಾರೆ. ಒಂದು ಸೀರಿಯಲ್ಲಿನಲ್ಲಿ ಅಪ್ಪ, ಇನ್ನೊಂದರಲ್ಲಿ ಬೀಗರು. ಪಟ್ಟಿ ಮಾಡುವವಳ ಕಷ್ಟ ನನ್ನದು. ಅವರ ಕಷ್ಟ ಬೇರೆ. ಅದು ನನಗೆ ಗೊತ್ತಾದದ್ದು ಹೊಸದುರ್ಗದ ಕಡೆಯ ಇನ್ನೊಬ್ಬ ನಟರಿಂದ.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಬಗ್ಗೆ ಓದುಗರಿಗೆ ಹೇಳಬೇಕಿಲ್ಲ. ಪಂಡಿತಾರಾಧ್ಯ ಶ್ರೀಗಳ ಆ ಊರಿನಿಂದ 1997ರಿಂದ ‘ಶಿವಸಂಚಾರ’ ತಂಡ ನಾಟಕ ಹೊತ್ತು ನಾಡು ತಿರುಗುತ್ತಿದೆ, ರಂಗಶಾಲೆಯೂ ಇದೆ. ಅಲ್ಲಿ ಪಳಗಿ, ಈಗ ಬೆಂಗಳೂರಿನಲ್ಲಿ ಸೀರಿಯಲ್ ಮಾಡುವ ಒಬ್ಬರು ನಾಟಕೋತ್ಸವಕ್ಕೆ ಊರಿಗೆ ಬಂದಿದ್ದರು. ಹೊಳಲ್ಕೆರೆಯ ಹೋಟೆಲ್ಲೊಂದರಲ್ಲಿ ಮಾತಿಗೆ ಕೂತೆವು. ಎರಡು ಸಲ ಸೆಲ್ಫಿಗೆ ಎದ್ದರು. ಇಬ್ಬರೂ ಅವರನ್ನು ಕರೆದದ್ದು ಪಾತ್ರದ ಹೆಸರಿನಿಂದ.

‘ತಿರುಗಾಟದಲ್ಲಿ ಸೆಟ್ಟು ನಾವೇ ಹೊರ್ತಿದ್ವಿ, ನಾವೇ ಕಟ್ತಿದ್ವಿ, ನಾವೇ ಬಿಚ್ತಿದ್ವಿ. ನಾಟಕ ಮುಗೀತು ಅನ್ನೋದು ಮೈಗೆ ಗೊತ್ತಾಗೋದು’ ಅಂದರು. ಸೀರಿಯಲ್ಲಿನಲ್ಲಿ ಹಾಗಲ್ಲ. ದಿನದ ಲೆಕ್ಕದ ಸಂಬಳ, ತಿಂಗಳಿಗೆ ಎಷ್ಟು ದಿನ ಕರೆಯುತ್ತಾರೋ ಅಷ್ಟು. ಮುಂದಿನ ವಾರ ನಿಮ್ಮ ಪಾತ್ರ ಏನಾಗುತ್ತದೆ ಅಂತ ನಿಮಗೇ ಗೊತ್ತಿರುವುದಿಲ್ಲ. ಗುರುವಾರ ಟಿಆರ್‌ಪಿ ಬರುತ್ತದೆ, ಕತೆ ತಿರುಗುತ್ತದೆ. ಅವರ ಪಾತ್ರವೊಂದು ಮುಗಿದದ್ದು ಫೋನಿನಲ್ಲಿ. ‘ಸಾರ್, ನಿಮ್ಮ ಟ್ರ್ಯಾಕ್ ಕ್ಲೋಸ್ ಆಯ್ತು, ಒಂದು ಒಳ್ಳೆ ಫೋಟೋ ವಾಟ್ಸಾಪ್ ಮಾಡಿ’ ಅಂದರಂತೆ. ಇವರು ನಗುನಗುತ್ತಿರುವ ಫೋಟೋ ಕಳಿಸಿದರು. ಅದಕ್ಕೆ ಹಾರ ಹಾಕಿ ಗೋಡೆಗೆ ತೂಗುಹಾಕುತ್ತಾರೆ ಅಂತ ಹೊಳೆದದ್ದು ಆಮೇಲೆ.

‘ನಂಗೇನೂ ಅನ್ನಿಸಲಿಲ್ಲ. ನಮ್ಮವ್ವ ದಿನಾ ನೋಡ್ತಾಳಲ್ಲ, ಅದೇ ಚಿಂತೆ.’ ಊರಿನಲ್ಲಿದ್ದ ತಮ್ಮನಿಗೆ ಫೋನು ಮಾಡಿ, ಆ ವಾರ ಪೂರ್ತಿ ಸೆಟ್‌ಟಾಪ್ ಬಾಕ್ಸಿನ ಕಾರ್ಡು ತೆಗೆದಿಡು ಅಂದರು. ತಮ್ಮ ತೆಗೆದಿಟ್ಟ. ಅವ್ವ ಎರಡು ದಿನ ಕಾದು, ಮೂರನೆಯ ದಿನ ಪಕ್ಕದ ಮನೆಗೆ ಹೋಗಿ ನೋಡಿಕೊಂಡು ಬಂದಳು. ಬಂದವಳು ಯಾರಿಗೂ ಏನೂ ಹೇಳದೆ ತಲೆಗೆ ನೀರು ಹಾಕಿಕೊಂಡು, ದೇವರ ಮುಂದೆ ದೀಪ ಹಚ್ಚಿ, ಮಗನಿಗೆ ಫೋನು ಮಾಡಿಸಿ, ‘ಊಟ ಆತೇನಪ್ಪ?’ ಅಂತ ಮಾತ್ರ ಕೇಳಿದಳಂತೆ.

ಇದನ್ನು ಹೇಳಿ ಅವರು ಕಾಫಿ ಕುಡಿದರು. ಆಮೇಲೆ ಎಂಟು ತಿಂಗಳು ಕೆಲಸ ಇರಲಿಲ್ಲ ಅಂದರು, ಅದನ್ನು ಬರೆಯಬೇಡಿ ಅಂದರು, ಸ್ವಲ್ಪ ಹೊತ್ತು ಬಿಟ್ಟು ಬರೀರಿ ಪರವಾಗಿಲ್ಲ, ಹೆಸರು ಮಾತ್ರ ಬೇಡ ಅಂದರು. ಹೆಸರು ಇಲ್ಲದ ಸಾಲುಗಳು ಹೀಗೂ ಆಗುತ್ತವೆ.

ಪ್ರಬಂಧದ ಆ ಅಧ್ಯಾಯ ಇನ್ನೂ ಮುಗಿದಿಲ್ಲ. ಅಜ್ಜಿಯ ಹತ್ತಿರ ವಾರಕ್ಕೊಮ್ಮೆ ಕೂರಬೇಕು ಅಂದುಕೊಂಡವಳು ಕೋರ್ಸ್‌ವರ್ಕು, ಫೆಲೋಶಿಪ್ಪಿನ ಕಾಗದಪತ್ರ ಅಂತ ತಿಂಗಳುಗಟ್ಟಲೆ ಹೋಗಲಿಲ್ಲ. ಹೋದ ಸಂಕ್ರಾಂತಿಗೆ ಹೋದಾಗ ಅವಳು ನನ್ನನ್ನು ಚಿಕ್ಕಮ್ಮನ ಹೆಸರಿನಿಂದ ಕರೆದಳು. ಟೀವಿ ಹಾಕಿರುತ್ತದೆ, ಅವಳು ಅದರ ಮುಂದೆ ಕೂತಿರುತ್ತಾಳೆ, ಯಾವ ಚಾನೆಲ್ ಇದ್ದರೂ ಆಗುತ್ತದೆ.

ನೋಟ್‌ಬುಕ್ ತೆಗೆದೆ. ದತ್ತಣ್ಣನವರ ವಿಷಯ ಎತ್ತಿದ ಕೂಡಲೇ ಮುಖ ಅರಳಿತು.

‘ನಿಮ್ಮಮ್ಮನ ಮದುವೆ ಮಾತುಕತೆಗೆ ಅವನೇ ಅಲ್ವೇನವ್ವ ಬಂದು ಕೂತಿದ್ದು. ನಿಮ್ಮ ತಾತ ವರದಕ್ಷಿಣೆ ವಿಷಯಕ್ಕೆ ಎದ್ದು ಹೊಂಟಿದ್ರು. ಇವನೇ ಕೈ ಹಿಡಿದು ಕೂರಿಸಿ ಸಮಾಧಾನ ಹೇಳಿದ್ದು.’

ಅಮ್ಮನ ಮದುವೆ ಆದದ್ದು ‘ಮಾಯಾಮೃಗ’ಕ್ಕೂ ಮೂರು ವರ್ಷ ಮೊದಲು. ಅವತ್ತು ತಾತನನ್ನು ಕೂರಿಸಿದವರು ಎದುರು ಮನೆಯ ಮೇಷ್ಟರು ಅಂತ ಅಮ್ಮ ಅಡುಗೆಮನೆಯಿಂದಲೇ ಹೇಳಿದಳು.

‘ಯಾವ ಸೀರಿಯಲ್ ಅಜ್ಜಿ ಅದು?’ ಅಂದೆ.

‘ಸೀರಿಯಲ್ ಅಲ್ಲ ಕಣವ್ವ. ಇಲ್ಲೇ, ನಮ್ಮ ನಡುಮನೇಲಿ’ ಅಂತ ಕಂಬದ ಪಕ್ಕದ ಜಾಗ ತೋರಿಸಿದಳು.

ಎರಡನೇ ಕಾಲಮ್ಮಿನ ಕೊನೆಯಲ್ಲಿ ಒಂದು ಸಾಲು ಜಾಗ ಇತ್ತು. ಪೆನ್ನು ಒಳಗಿಟ್ಟು, ಪೆನ್ಸಿಲ್ ತೆಗೆದು ಬರೆದುಕೊಂಡೆ.